ಫಸ್ಟ್ ಕ್ಲಾಸ್‌ಗೆ ದುಡ್ಡು, ಬಿಸಿನೆಸ್ ಕ್ಲಾಸ್‌ನಲ್ಲಿ ಸೀಟು: ಉಳಿದ ಹಣ ಎಲ್ಲಿ?

ಐರಾವತಕ್ಕೆ ದುಡ್ಡು ಕಟ್ಟಿಸಿಕೊಂಡು, ಮೆಜೆಸ್ಟಿಕ್‌ನಲ್ಲಿ ಕೆಂಪು ಬಸ್ ತೋರಿಸಿ "ಇದೂ ಅಲ್ಲಿಗೇ ಹೋಗುತ್ತೆ, ಹತ್ತಿ" ಅಂದರೆ ಯಾರಾದರೂ ಸುಮ್ಮನಿರುತ್ತಾರಾ? ಅಲ್ಲೇ ಜಗಳ ಶುರುವಾಗುತ್ತೆ. ಐದಾರು ಲಕ್ಷದ ಫಸ್ಟ್ ಕ್ಲಾಸ್ ಟಿಕೆಟ್ ಮಾರಿದ ವಿಮಾನ ಕಂಪನಿ ಇದನ್ನೇ ಮಾಡಿದರೆ ಮಾತ್ರ "ದುಡ್ಡಿದ್ದೋರ ಗೋಳು" ಅಂತ ತಳ್ಳಿಹಾಕುತ್ತಾರೆ. ಮಂಡಿ ಆಪರೇಷನ್ ಆದ ಅಪ್ಪ-ಅಮ್ಮನನ್ನು ಅಮೆರಿಕಕ್ಕೆ ಕರೆಸಿಕೊಳ್ಳಲು ವರ್ಷಗಟ್ಟಲೆ ಮೈಲ್ಸ್ (ವಿಮಾನ ಕಂಪನಿ ಕೊಡುವ ಪಾಯಿಂಟ್) ಕೂಡಿಹಾಕಿದವರೂ ಆ ಸೀಟನ್ನೇ ತೆಗೆದುಕೊಳ್ಳುತ್ತಾರೆ. ಯಾರದ್ದಾದರೂ ಅದು ದುಡಿದ ದುಡ್ಡು.

ಹೀಗಾಗುವುದಕ್ಕೆ ಹೆಚ್ಚಿನ ಸಲ ಕಾರಣ ವಿಮಾನದ ಬದಲಾವಣೆ. ಫಸ್ಟ್ ಕ್ಲಾಸ್ ಇರುವುದೇ ಕೆಲವು ವಿಮಾನಗಳಲ್ಲಿ, ಅದೂ ಬೆರಳೆಣಿಕೆಯಷ್ಟು ಸೀಟು. ಲುಫ್ತಾನ್ಸಾದ 747-8ರಲ್ಲಿ 8, ಸಿಂಗಪುರ್ ಏರ್‌ಲೈನ್ಸ್‌ನ ಎ380ರಲ್ಲಿ 6, ಎಮಿರೇಟ್ಸ್‌ನ ಎ380ರಲ್ಲಿ 14. ಅದೇ ಎಮಿರೇಟ್ಸ್‌ನ 615 ಸೀಟಿನ ಎ380ರಲ್ಲಾಗಲಿ, ಎ350ರಲ್ಲಾಗಲಿ ಫಸ್ಟ್ ಕ್ಲಾಸೇ ಇಲ್ಲ. ಯಾವುದೇ ಕಂಪನಿಯಲ್ಲಿ ಹೊರಡಬೇಕಾದ ವಿಮಾನ ರಿಪೇರಿಗೆ ನಿಂತು ಅದರ ಜಾಗಕ್ಕೆ ಫಸ್ಟ್ ಇಲ್ಲದ್ದು ಬಂದರೆ, ಮುಂದಿನ ಸಾಲಿನವರೆಲ್ಲ ಹಿಂದಕ್ಕೆ. ವಿಮಾನ ಕೆಡುತ್ತದೆ, ಸರಿ. ಸುರಕ್ಷತೆಗೆ ಅಂತ ನಿಲ್ಲಿಸಿದರೆ ಅದು ಒಳ್ಳೆಯದೇ. ಹೊಟ್ಟೆ ಉರಿಯುವುದು ಆಮೇಲೆ ಅವರು ಕೊಡುವ ಲೆಕ್ಕ ನೋಡಿ.

"ಫೇರ್ ಡಿಫರೆನ್ಸ್ ವಾಪಸ್ ಕೊಡ್ತೀವಿ" ಅನ್ನುತ್ತಾರೆ. ಕೇಳಲು ನ್ಯಾಯವಾಗಿಯೇ ಇದೆ. ಆದರೆ ಯಾವ ದರದಿಂದ ಯಾವ ದರ ಕಳೆಯುತ್ತಾರೆ ನೋಡಿ. ನೀವು ಆರು ತಿಂಗಳ ಮುಂಚೆ 5 ಲಕ್ಷಕ್ಕೆ ತೆಗೆದ ಫಸ್ಟ್ ಕ್ಲಾಸ್ ದರದಿಂದ, ಹೊರಡುವ ದಿನದ ಬಿಸಿನೆಸ್ ಕ್ಲಾಸ್‌ನ ಪೂರ್ತಿ ದರವನ್ನು ಕಳೆಯುತ್ತಾರೆ. ಟಿಕೆಟ್‌ನಲ್ಲಿ 'ಜೆ' ಅಕ್ಷರ ಇರುತ್ತದಲ್ಲ, ಆ ದರ. ಕೊನೇ ಗಳಿಗೆಯಲ್ಲಿ ಅದೂ 5 ಲಕ್ಷ ಮುಟ್ಟಿರುತ್ತದೆ. ವ್ಯತ್ಯಾಸ ಸೊನ್ನೆ! ನೀವು ಬಿಸಿನೆಸ್ ಟಿಕೆಟ್ಟನ್ನೇ ಆರು ತಿಂಗಳ ಮುಂಚೆ ತೆಗೆದಿದ್ದರೆ ಎಷ್ಟಕ್ಕೆ ಸಿಗುತ್ತಿತ್ತು ಅನ್ನುವುದನ್ನು ಅವರು ಲೆಕ್ಕಕ್ಕೇ ತರುವುದಿಲ್ಲ. ಇದು ಹಗಲು ದರೋಡೆ.

ಕಾನೂನು ಹೇಳುವುದೇ ಬೇರೆ. ಐರೋಪ್ಯ ಒಕ್ಕೂಟದ 261/2004 ನಿಯಮದ 10ನೇ ವಿಧಿಯಲ್ಲಿ ಡಿಫರೆನ್ಸ್ ಅನ್ನುವ ಮಾತೇ ಇಲ್ಲ. 1,500 ಕಿ.ಮೀ.ವರೆಗೆ ಆ ಹಾರಾಟದ ದರದ ಶೇ 30, ಒಕ್ಕೂಟದ ಒಳಗೇ ಅದಕ್ಕಿಂತ ದೂರಕ್ಕೆ, ಹೊರಗಿನ ದೇಶಕ್ಕಾದರೆ 3,500ರವರೆಗೆ ಶೇ 50, ಹೊರಗೆ ಇನ್ನೂ ದೂರಕ್ಕೆ ಶೇ 75, ಏಳು ದಿನದೊಳಗೆ ವಾಪಸ್. ಹವಾಮಾನ, ತಾಂತ್ರಿಕ ದೋಷ, ಯಾವ ನೆಪಕ್ಕೂ ಆ ವಿಧಿಯಲ್ಲಿ ವಿನಾಯಿತಿ ಇಲ್ಲ. ಯುರೋಪಿನಿಂದ ಹೊರಡುವ ಎಲ್ಲ ಕಂಪನಿಗಳಿಗೂ, ಯುರೋಪಿಗೆ ಬರುವ ಅಲ್ಲಿನ ಕಂಪನಿಗಳಿಗೂ ಇದು ಅನ್ವಯ. ನಮ್ಮ ವಿಮಾನಯಾನ ನಿಯಂತ್ರಕ ಡಿಜಿಸಿಎ ಕೂಡ 2023ರ ಫೆಬ್ರವರಿ 15ರಿಂದ ಅಂತರರಾಷ್ಟ್ರೀಯ ಹಾರಾಟಕ್ಕೆ ದೂರ ನೋಡಿ ಇದೇ 30, 50, 75ರ ಲೆಕ್ಕ ತಂದಿದೆ, ಅದೂ ತೆರಿಗೆ ಸೇರಿಸಿ. ಫಸ್ಟ್, ಬಿಸಿನೆಸ್ ಟಿಕೆಟ್ ಮೇಲೆ 2025ರ ಸೆಪ್ಟೆಂಬರ್ 22ರಿಂದ ಶೇ 18 ಜಿಎಸ್‌ಟಿ ಬೀಳುತ್ತಿರುವಾಗ ತೆರಿಗೆಯ ಆ ಪಾಲೂ ಚಿಕ್ಕದಲ್ಲ.

ಒಂದೇ ಟಿಕೆಟ್‌ನಲ್ಲಿ ಎರಡು ಹಾರಾಟ ಇದ್ದರೆ ಅಲ್ಲೂ ಗೊಂದಲ ಎಬ್ಬಿಸುತ್ತಾರೆ. ಡ್ಯುಸೆಲ್‌ಡಾರ್ಫ್‌–ದುಬೈ ಹಾರಾಟದಲ್ಲಿ ಫಸ್ಟ್‌ನಿಂದ ಬಿಸಿನೆಸ್‌ಗೆ ಇಳಿಸಿದ ಪ್ರಕರಣದಲ್ಲಿ ಯುರೋಪಿನ ನ್ಯಾಯಾಲಯ 2016ರ ಜೂನ್‌ನಲ್ಲೇ ಇದನ್ನು ಬಗೆಹರಿಸಿದೆ: ಆ ಹಾರಾಟದ ದರ ಪ್ರತ್ಯೇಕವಾಗಿ ನಮೂದಾಗಿಲ್ಲದಿದ್ದರೆ ದೂರದ ಅನುಪಾತದಲ್ಲಿ ಹಂಚಬೇಕು. ಬೆಂಗಳೂರು–ಫ್ರಾಂಕ್‌ಫರ್ಟ್‌ ಸುಮಾರು 7,400 ಕಿ.ಮೀ., ಫ್ರಾಂಕ್‌ಫರ್ಟ್‌–ನ್ಯೂಯಾರ್ಕ್ ಸುಮಾರು 6,200. ತೆರಿಗೆ ಬಿಟ್ಟು ಟಿಕೆಟ್ 6 ಲಕ್ಷ ಅಂದುಕೊಳ್ಳಿ. ಎರಡನೇ ಹಾರಾಟದ ಪಾಲು ಸುಮಾರು 2.73 ಲಕ್ಷ, ಅದರ ಶೇ 75 ಅಂದರೆ 2.05 ಲಕ್ಷ. ಎರಡು ಲಕ್ಷ ಬರಬೇಕಾದವರ ಕೈಗೆ ವೋಚರ್ ತುರುಕಿ ಕಳಿಸುತ್ತಾರೆ! ಸಹಿ ಹಾಕಿ ಒಪ್ಪದ ಹೊರತು ವೋಚರ್ ಕೊಡುವ ಹಾಗೇ ಇಲ್ಲ, ನಗದು, ಚೆಕ್ ಇಲ್ಲವೇ ಬ್ಯಾಂಕಿಗೆ ಜಮೆ. ಗೇಟ್ ಬಳಿ ಅವಸರದಲ್ಲಿ ಚೀಟಿ ಮುಂದೆ ಹಿಡಿದರೆ ಸಹಿ ಹಾಕಲೇಬೇಡಿ.

ಅದಕ್ಕಿಂತ ಕೆಟ್ಟ ಬಲೆ ಇಮೇಲ್‌ನಲ್ಲಿರುತ್ತದೆ. "ನಿಮ್ಮ ಪ್ರಯಾಣದಲ್ಲಿ ಸಣ್ಣ ಬದಲಾವಣೆ" ಅಂತ ಬರುತ್ತದೆ, ಕೆಳಗೆ 'ಒಪ್ಪಿಗೆ' ಬಟನ್. 1ಎ ಇದ್ದ ಸೀಟು 4ಎ ಆಗಿರುವುದು ಎಲ್ಲೋ ಮೂಲೆಯಲ್ಲಿ. ಒತ್ತಿದರೆ "ನೀವೇ ಒಪ್ಪಿದ್ದೀರಲ್ಲ" ಅನ್ನುತ್ತಾರೆ. ಒತ್ತುವ ಮುಂಚೆ ಸೀಟ್ ಮ್ಯಾಪ್, ವಿಮಾನದ ಮಾದರಿ, ಟಿಕೆಟ್‌ನ ದರ್ಜೆ ಅಕ್ಷರ ಮೂರನ್ನೂ ನೋಡಿ. ಫಸ್ಟ್‌ಗೆ ಸಾಮಾನ್ಯವಾಗಿ ಎಫ್ ಅಥವಾ ಎ, ಬಿಸಿನೆಸ್‌ಗೆ ಜೆ, ಸಿ, ಡಿ, ಝಡ್. ಬದಲಾಗಿದ್ದರೆ ಫೋನ್ ಮಾಡಿ, ಅದೇ ದರ್ಜೆ ಇರುವ ಬೇರೆ ಹಾರಾಟ ಕೇಳಿ. ಚೆಕ್-ಇನ್ ಆಗಿ ಬ್ಯಾಗ್ ಬೆಲ್ಟ್ ಮೇಲೆ ಹೋದಮೇಲೆ ನಿಮ್ಮ ಮಾತಿಗೆ ಬಲ ಇಲ್ಲ.

ಏಜೆಂಟರ ಮೂಲಕ ತೆಗೆದ ಟಿಕೆಟ್‌ನ ಕಥೆ ಇನ್ನೂ ಕಷ್ಟ. ದರದ ಜಾಗದಲ್ಲಿ ಮೊತ್ತದ ಬದಲು 'ಐಟಿ' ಇಲ್ಲವೇ 'ಬಿಟಿ' (ಏಜೆಂಟರ ಪ್ಯಾಕೇಜ್ ದರ, ಸಗಟು ದರದ ಗುರುತು) ಅಂತಷ್ಟೇ ಅಚ್ಚಾಗಿರುತ್ತದೆ. ಕಂಪನಿ "ದರ ನಮಗೆ ಕಾಣಿಸುತ್ತಿಲ್ಲ, ಏಜೆಂಟರನ್ನು ಕೇಳಿ" ಅನ್ನುತ್ತದೆ, ಏಜೆಂಟ್ "ಕಂಪನಿಯವರನ್ನೇ ಕೇಳಿ" ಅನ್ನುತ್ತಾನೆ. ಏಜೆಂಟರ ಜಿಎಸ್‌ಟಿ ಬಿಲ್ ಇಲ್ಲದಿದ್ದರೆ ನಿಮ್ಮ ಕೈಯಲ್ಲಿ ಪುರಾವೆಯೇ ಇಲ್ಲ. ಹಳೆಯ ಬೋರ್ಡಿಂಗ್ ಪಾಸ್, ಹೊಸದು, ಎರಡೂ ಇಟ್ಟುಕೊಳ್ಳಿ. ಮೈಲ್ಸ್ ಕೂಡ ಮೂಲ ಬುಕಿಂಗ್ ದರ್ಜೆಯ ಪ್ರಕಾರವೇ ಜಮೆಯಾಗಬೇಕು ಅಂತ ಬರೆದು ಕೇಳಿ, ಕೇಳದಿದ್ದರೆ ಕೊಡುವುದಿಲ್ಲ.

ಇನ್ನು ಫಸ್ಟ್ ಕ್ಲಾಸ್‌ನಲ್ಲೇ ಕೂರಿಸಿ, ಹಾಸಿಗೆಯಾಗದ ಸೀಟು ಕೊಡುವುದು. ಸೀಟನ್ನು ಮಲಗಿಸುವ ಮೋಟರ್ ಕೈಕೊಟ್ಟರೆ ಸಿಬ್ಬಂದಿ ಮೊದಲು ರೀಸೆಟ್ ಮಾಡುತ್ತಾರೆ, ಆಗದಿದ್ದರೆ ಕೈಯಿಂದ ಬಿಚ್ಚಿ ಮಲಗಿಸುತ್ತಾರೆ. ಇಳಿಯುವಾಗ ನೆಟ್ಟಗಾಗದಿದ್ದರೆ ಆ ಸೀಟಲ್ಲಿ ಕೂರುವ ಹಾಗಿಲ್ಲ. ಹತ್ತು ಗಂಟೆ ನಿದ್ದೆಗೆ ದುಡ್ಡು ಕೊಟ್ಟವರು ಹತ್ತು ಗಂಟೆ ಕೂತೇ ಹೋದರೂ ಕಾಗದದ ಮೇಲೆ ಅದು ಡೌನ್‌ಗ್ರೇಡ್ (ಕೆಳ ದರ್ಜೆಗೆ ಇಳಿಸುವುದು) ಅಲ್ಲ, ಆದ್ದರಿಂದ ಶೇ 75ರ ನಿಯಮ ಅನ್ವಯಿಸುವುದಿಲ್ಲ. ಕಾನೂನಿನ ಈ ತೂತು ಇನ್ನೂ ಹಾಗೇ ಇದೆ! ಕ್ಯಾಬಿನ್ ಲಾಗ್‌ನಲ್ಲಿ ದೋಷ ಬರೆಸಿ, ಸೀಟಿನ ವಿಡಿಯೊ ತೆಗೆದುಕೊಳ್ಳಿ. ಸೇವಾ ಲೋಪ ಅಂತ ದೂರು ಕೊಡಲು ಅಷ್ಟಾದರೂ ಬೇಕು.

ದೂರು ಮೊದಲು ಕಂಪನಿಯ ನೋಡಲ್ ಅಧಿಕಾರಿಗೆ, ಆಮೇಲೆ ಕೇಂದ್ರ ಸರ್ಕಾರದ ದೂರು ಪೋರ್ಟಲ್ ಏರ್‌ಸೇವಾಗೆ. ಉತ್ತರ ಬರಲಿಲ್ಲವೋ, ನಿಮ್ಮ ಜಿಲ್ಲೆಯ ಗ್ರಾಹಕ ಆಯೋಗಕ್ಕೇ ಹೋಗಿ. 2019ರ ಕಾಯ್ದೆಯ ಪ್ರಕಾರ ನೀವು ಇರುವ ಊರಲ್ಲೇ ಕೇಸು ಹಾಕಬಹುದು. ಟಿಕೆಟ್ 5 ಲಕ್ಷದವರೆಗಿದ್ದರೆ ಶುಲ್ಕವೇ ಇಲ್ಲ, 10 ಲಕ್ಷದವರೆಗೆ 200 ರೂಪಾಯಿ. ಗಡುವು ಎರಡು ವರ್ಷ. "ಪರಿಶೀಲನೆಯಲ್ಲಿದೆ" ಅನ್ನುವ ಒಂದೇ ಸಾಲಿನ ಇಮೇಲನ್ನು ತಿಂಗಳಿಗೊಮ್ಮೆ ಕಳಿಸುತ್ತ ಅವರು ಕಾಯುತ್ತಿರುವುದು ಆ ಎರಡು ವರ್ಷ ಮುಗಿಯಲಿ ಅಂತಲೇ.