ಮೊದಲು ಚುಚ್ಚಬೇಕು

ಕೆಲಸಕ್ಕಿಂತ ಅದರ ತಯಾರಿಯಲ್ಲೇ ಸುಖ ಕಾಣುವವರ ಪಂಗಡವೊಂದಿದೆ. ಹೊಸ ನೋಟ್‌ಬುಕ್ಕಿಗೆ ರಟ್ಟು ಹಾಕಿ, ಗೆರೆ ಎಳೆದು, ಬರೆಯುವುದನ್ನು ನಾಳೆಗಿಡುವವರು. ನಾನೂ ಆ ಪಂಗಡದವಳೇ. ನಮ್ಮಂಥವರಿಗೆ ಹೇಳಿ ಮಾಡಿಸಿದ್ದು ಯುರೋಪಿನ ಬಾಬಿನ್ ಲೇಸ್. ಬಾಬಿನ್ ಅಂದರೆ ಹೊಲಿಗೆ ಮಷೀನಿನದಲ್ಲ. ಗೇಣಿಗಿಂತ ಗಿಡ್ಡನೆಯ ಸಪೂರ ಮರದ ಕಡ್ಡಿ, ನೂಲು ಸುತ್ತಲು ಅದಕ್ಕೊಂದು ಕತ್ತು. ಇಂಥ ಹಲವು ಕಡ್ಡಿಗಳ ನೂಲನ್ನು ಒಂದರ ಮೇಲೊಂದು ಹಾಯಿಸಿ ಹೆಣೆದದ್ದೇ ಈ ಲೇಸ್.

ಕೈ ಕಲಿಯಬೇಕಾದ್ದು ಎರಡೇ ವರಸೆ. ನಾಲ್ಕು ಬಾಬಿನ್‌ಗಳಲ್ಲಿ ನಡುವಿನ ಎಡದ್ದನ್ನು ಬಲದ್ದರ ಮೇಲೆ ದಾಟಿಸುವುದು. ಆಮೇಲೆ ಎರಡೂ ಜೋಡಿಗಳಲ್ಲಿ ಬಲದ್ದನ್ನು ಎಡದ್ದರ ಮೇಲೆ ತಿರುವುವುದು. 1840ರಲ್ಲಿ ವಿಕ್ಟೋರಿಯಾ ರಾಣಿಯ ಮದುವೆಗೆಂದು ಇಂಗ್ಲೆಂಡಿನ ಡೆವನ್‌ನ ಹೆಂಗಸರು ಹೆಣೆದ ಲೇಸಿಗೂ ಬುನಾದಿ ಇವೆರಡೇ. ಹಾಗಾದರೆ ಕಷ್ಟ ಎಲ್ಲಿದೆ? ಶುರು ಮಾಡುವುದಕ್ಕೂ ಮೊದಲೇ ಇದೆ.

ಹೊಸಬರಿಗೆ ಸಾಮಾನ್ಯವಾಗಿ ಟಾರ್ಶನ್ ಎಂಬ ಬಗೆಯನ್ನು ಕೊಡುತ್ತಾರೆ. ಗ್ರಾಫ್ ಹಾಳೆಯ ಮೇಲೆ ಅದು ಲಕ್ಷಣವಾಗಿ ಕೂರುತ್ತದೆ. ಸಂದುಚುಕ್ಕಿ ರಂಗೋಲಿ ಇಟ್ಟವರಿಗೆ ನಕ್ಷೆ ನೋಡಿದೊಡನೆ ಗುರುತು ಸಿಗುತ್ತದೆ: ಮೇಲಿನ ಸಾಲಿನ ಎರಡು ಚುಕ್ಕಿಗಳ ಸಂದಿನಲ್ಲಿ ಕೆಳಗಿನದೊಂದು. ಹೆಣೆದ ನೂಲು ಕದಲದಂತೆ ಇಲ್ಲಿ ಚುಕ್ಕಿ ಚುಕ್ಕಿಗೂ ಗುಂಡುಸೂಜಿ ನಿಲ್ಲಬೇಕು. ಅದಕ್ಕೇ ನಕ್ಷೆಯನ್ನು ದಪ್ಪ ಕಾರ್ಡಿನ ಮೇಲಿಟ್ಟು, ಹಿಡಿ ಇರುವ ಸೂಜಿಯಿಂದ ಒಂದನ್ನೂ ಬಿಡದೆ ಮೊದಲೇ ಚುಚ್ಚಿಕೊಳ್ಳಬೇಕು. ಸೂಜಿ ನೆಟ್ಟಗೆ ಇಳಿಯಬೇಕು. ತುಸು ಆಚೀಚೆ ಆದರೂ ಲೇಸಿನ ಅಂಚು ಸೊಟ್ಟ. ಹಿಂದೆ ಚರ್ಮದ ಹಾಳೆಗೆ ಚುಚ್ಚುತ್ತಿದ್ದರು. ಈಗ ಫೋಟೋಕಾಪಿ ಸಾಕು, ಮೇಲೊಂದು ನೀಲಿ ಪಾರದರ್ಶಕ ಅಂಟುಹಾಳೆ. ಇಲ್ಲವಾದರೆ ಬಿಳಿ ಕಾಗದದ ಮೇಲೆ ಬಿಳಿ ನೂಲನ್ನು ಹುಡುಕುತ್ತಾ ಕೂರಬೇಕು. ಪ್ರತಿ ತೂತಿಗೂ ಕಾರ್ಡು ‘ಟುಪ್’ ಅನ್ನುತ್ತದೆ. ಲೇಸು ಬರಲಿ ಬಿಡಲಿ, ಆ ಸದ್ದಿಗೇ ನನ್ನ ಕಾಸು ವಸೂಲು.

ಚುಚ್ಚಿದ ಕಾರ್ಡನ್ನು ಕೂರಿಸಿ ಸೂಜಿ ನೆಡಲು ದಿಂಬು ಬೇಕು, ಆದರೆ ತಲೆ ಇಡುವಂಥದ್ದಲ್ಲ. ಒಣಹುಲ್ಲನ್ನು ಗಟ್ಟಿಯಾಗಿ ಜಡಿದು ತುಂಬಿದ್ದು, ಸೂಜಿ ಅಲುಗಾಡಕೂಡದು. ಸೂಜಿ ಹಿತ್ತಾಳೆಯದಾದರೆ ಬಿಳಿ ನೂಲಿಗೆ ತುಕ್ಕಿನ ಕಲೆ ಹತ್ತುವುದಿಲ್ಲ.

ಇನ್ನು ನೂಲು ಸುತ್ತುವುದು. ಜೋಡಿ ಬಾಬಿನ್‌ಗೆ ಒಂದೇ ಎಳೆ: ಒಂದು ತುದಿಯಿಂದ ಅರ್ಧ ಇದಕ್ಕೆ, ಇನ್ನೊಂದು ತುದಿಯಿಂದ ಅರ್ಧ ಅದಕ್ಕೆ, ನಡುವೆ ಗಂಟಿಲ್ಲ. ಕತ್ತಿಗೊಂದು ಕುಣಿಕೆ ಹಾಕಿದರೆ ನೂಲು ತಾನಾಗಿ ಬಿಚ್ಚಿಕೊಳ್ಳದು. ಇಂಗ್ಲೆಂಡಿನ ಮಿಡ್‌ಲ್ಯಾಂಡ್ಸ್ ಕಡೆಯ ಬಾಬಿನ್‌ಗಳ ಬುಡಕ್ಕೆ ಗಾಜಿನ ಮಣಿಗಳ ಸರ ಕಟ್ಟಿರುತ್ತದೆ. ಅಲಂಕಾರ ಅನ್ನಿಸಿದರೂ ಅದು ಬಾಬಿನ್ ಉರುಳದಂತೆ ತಡೆಯುತ್ತದೆ, ತೂಕಕ್ಕೆ ನೂಲೂ ಬಿಗಿಯಾಗಿರುತ್ತದೆ.

ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಮ್ಮಿನಲ್ಲಿ ಹದಿನೇಳನೇ ಶತಮಾನದ ಡಚ್ ಚಿತ್ರಕಾರ ವರ್ಮೀರ್ ಬರೆದ ಲೇಸ್ ಹೆಣೆಯುವವಳ ಚಿತ್ರವಿದೆ. ಎತ್ತರ ಸುಮಾರು 24 ಸೆಂಟಿಮೀಟರ್, ಅಷ್ಟೇ. ತಲೆ ಬಗ್ಗಿಸಿ ಕೂತವಳ ಏಕಾಗ್ರತೆಯನ್ನು ಎಲ್ಲರೂ ಹೊಗಳುತ್ತಾರೆ. ಆ ನಕ್ಷೆಗೆ ತೂತು ಚುಚ್ಚಿಕೊಟ್ಟದ್ದು ಯಾರಪ್ಪಾ ಎಂಬುದು ನನ್ನ ತಕರಾರು.

ಕಲಿಯುವವರು ಮೊದಲು ಹೆಣೆಯುವುದು ಹೆಚ್ಚಾಗಿ ಪುಸ್ತಕದ ಗುರುತುಪಟ್ಟಿ. ನನ್ನದಕ್ಕೆ ಕಾರ್ಡು, ನೂಲು, ಸೂಜಿ ಎಲ್ಲ ಸಿದ್ಧವಾಗಿದೆ. ಯಾವ ಪುಸ್ತಕಕ್ಕೆ ಎಂದು ಮನೆಯವರು ಕೇಳಿದರು. ಅದನ್ನೂ ಆರಿಸಿಟ್ಟಿದ್ದೇನೆ, ಓದಲು ಶುರು ಮಾಡಿಲ್ಲ.