ಶ್ರೇಷ್ಠ ಯಾರು? ದಯವಿಟ್ಟು ಲೆಕ್ಕ ಕೊಡಬೇಡಿ

ಐಸ್ ಹಾಕಿಯ ಸಾರ್ವಕಾಲಿಕ ಶ್ರೇಷ್ಠ ಆಟಗಾರ ಯಾರು ಎಂಬ ವಾದಕ್ಕೆ ಕೆನಡಾದಲ್ಲಿ ಮುಪ್ಪೇ ಬರುವುದಿಲ್ಲ. ನ್ಯಾಯವಾಗಿ ಅದು ವೇಯ್ನ್ ಗ್ರೆಟ್ಜ್ಕಿ ನಿವೃತ್ತರಾದ 1999ರಲ್ಲೇ ಮುಗಿಯಬೇಕಿತ್ತು. ಉತ್ತರ ಅಮೆರಿಕದ ವೃತ್ತಿಪರ ಹಾಕಿ ಲೀಗ್ ಆದ ಎನ್‌ಎಚ್‌ಎಲ್‌ನ 1,487 ಪಂದ್ಯಗಳಲ್ಲಿ ಅವರು 894 ಗೋಲು ಹೊಡೆದರು, 1,963 ಬಾರಿ ಬೇರೆಯವರ ಗೋಲಿಗೆ ನೆರವಾದರು. ಎರಡನ್ನೂ ಕೂಡಿಸಿದರೆ 2,857 ಪಾಯಿಂಟ್. ಹೊಡೆದ ಗೋಲುಗಳನ್ನೆಲ್ಲ ಅಳಿಸಿಹಾಕಿ ಬರೀ ನೆರವನ್ನು ಎಣಿಸಿದರೂ, ಎರಡನೆಯ ಸ್ಥಾನದಲ್ಲಿರುವ ಯಾರೊಮಿರ್ ಯಾಗರ್ ತಮ್ಮ ಒಟ್ಟು 1,921 ಪಾಯಿಂಟ್‌ಗಳೊಂದಿಗೆ ಹಿಂದೆಯೇ ಉಳಿಯುತ್ತಾರೆ. ಇಷ್ಟು ಸ್ಪಷ್ಟವಾದ ಉತ್ತರವನ್ನು ಒಪ್ಪಿಕೊಂಡುಬಿಟ್ಟರೆ ಅಲ್ಲಿನ ಉದ್ದನೆಯ ಚಳಿಗಾಲವನ್ನು ಕಳೆಯುವುದಾದರೂ ಹೇಗೆ? ಹಾಗಾಗಿ ಅಂಕಿಅಂಶವನ್ನೇ ಅನುಮಾನಿಸುವ ಶಾಸ್ತ್ರವೊಂದು ಹುಟ್ಟಿಕೊಂಡಿದೆ.

ಈ ಶಾಸ್ತ್ರದಲ್ಲಿ ಪಾರಂಗತರೆಂದರೆ ಪಿಟ್ಸ್‌ಬರ್ಗ್‌ನ ಮಾರಿಯೋ ಲೆಮ್ಯೂ ಅವರ ಭಕ್ತರು. ಒಟ್ಟು ಮೊತ್ತ ಬೇಡ, ಪಂದ್ಯವೊಂದಕ್ಕೆ ಸರಾಸರಿ ಎಷ್ಟೆಂದು ನೋಡಿ ಎನ್ನುತ್ತಾರೆ ಅವರು. 1997ರಲ್ಲಿ ಮೊದಲ ಸಲ ನಿವೃತ್ತರಾದಾಗ ಲೆಮ್ಯೂ 745 ಪಂದ್ಯಗಳಿಂದ 1,494 ಪಾಯಿಂಟ್ ಗಳಿಸಿದ್ದರು. ಸರಾಸರಿ ಎರಡಕ್ಕಿಂತ ಕೂದಲೆಳೆಯಷ್ಟು ಹೆಚ್ಚು, ಗ್ರೆಟ್ಜ್ಕಿಯವರ 1.92ಕ್ಕಿಂತ ಮೇಲೆ. ಆದರೆ ಪುಣ್ಯಾತ್ಮ 2000ದ ಡಿಸೆಂಬರಿನಲ್ಲಿ ಮತ್ತೆ ಅಂಗಳಕ್ಕಿಳಿದು, ಇನ್ನೂ 170 ಪಂದ್ಯ ಆಡಿ, ಸರಾಸರಿಯನ್ನು 1.88ಕ್ಕೆ ಇಳಿಸಿಕೊಂಡರು. ಕ್ಯಾನ್ಸರಿಗೆ ಕೊನೆಯ ವಿಕಿರಣ ಚಿಕಿತ್ಸೆ ಪಡೆದ ದಿನ ಸಂಜೆಯೇ ಪಂದ್ಯಕ್ಕೆ ಬಂದು ಗೋಲು ಹೊಡೆದ ಮನುಷ್ಯ, ಆಡಿದ್ದೇ ತಪ್ಪಾಯಿತೆಂಬ ಸ್ಥಿತಿಗೆ ತಲುಪಿದ್ದು ಹೀಗೆ. ಭಕ್ತರು ಇಂದಿಗೂ 1997ರ ಅಂಕಿಯನ್ನೇ ಉದ್ಧರಿಸುತ್ತಾರೆ. ಗ್ರೆಟ್ಜ್ಕಿಯವರ ಲೆಕ್ಕವನ್ನೂ ಎಡ್ಮಂಟನ್ ತಂಡದಲ್ಲಿ ಆಡಿದ ಒಂಬತ್ತು ವರ್ಷಗಳಿಗೆ ನಿಲ್ಲಿಸಿದರೆ ಸರಾಸರಿ 2.4ರ ಸಮೀಪಕ್ಕೆ ಹೋಗುತ್ತದೆ ಎಂದು ನೆನಪಿಸಿದವರನ್ನು ಮಾತ್ರ ಆಟದ ಸೌಂದರ್ಯ ಅರಿಯದವರೆಂದು ಬದಿಗೆ ಸರಿಸುತ್ತಾರೆ.

ಬಾಸ್ಟನ್ನಿನ ಬಾಬಿ ಓರ್ ಅವರ ಪಕ್ಷಕ್ಕೆ ಇಂಥ ತೊಂದರೆಯಿಲ್ಲ. ಮಂಡಿ ಕೈಕೊಟ್ಟಿದ್ದರಿಂದ ಅವರು ಆಡಿದ್ದು ಕೇವಲ 657 ಪಂದ್ಯ. ಮಿಕ್ಕ ವರ್ಷಗಳು ಬರಿದಾಗಿರುವುದರಿಂದ ಅಲ್ಲಿ ಎಷ್ಟು ಗೋಲು ಬೇಕಾದರೂ ತುಂಬಿಕೊಳ್ಳಬಹುದು. ಆಡದೇ ಉಳಿದ ಪಂದ್ಯದಲ್ಲಿ ಯಾರೂ ಪಾಸು ತಪ್ಪಿಸುವುದಿಲ್ಲ. (ರಕ್ಷಣಾ ಆಟಗಾರರಾಗಿದ್ದೂ ಲೀಗಿನ ಪಾಯಿಂಟ್ ಪಟ್ಟಿಯಲ್ಲಿ ಎರಡು ಸಲ ಮೊದಲ ಸ್ಥಾನ ಪಡೆದ ಓರ್ ಅವರಿಗೆ ಈ ಕಲ್ಪಿತ ಗೋಲುಗಳ ಅಗತ್ಯವೇ ಇರಲಿಲ್ಲ.) ಇನ್ನು ಗಾರ್ಡಿ ಹೋ ಅವರ ಪಕ್ಷ. ಒಂದು ಗೋಲು, ಒಂದು ನೆರವು, ಒಂದು ಹೊಡೆದಾಟ, ಮೂರನ್ನೂ ಒಂದೇ ಪಂದ್ಯದಲ್ಲಿ ಮುಗಿಸುವುದಕ್ಕೆ ಹೋ ಅವರ ಹೆಸರಿನ ಹ್ಯಾಟ್ರಿಕ್ ಎನ್ನುತ್ತಾರೆ. 26 ಋತುಗಳ ಎನ್‌ಎಚ್‌ಎಲ್ ಬದುಕಿನಲ್ಲಿ ಹೋ ಅದನ್ನು ಸಾಧಿಸಿದ್ದು ಎರಡೇ ಸಲ ಎಂಬುದು ಅವರ ಖ್ಯಾತಿಗೆ ಅಡ್ಡಿಯಾಗಿಲ್ಲ.

ಎಂಬತ್ತರ ದಶಕದ ಗೋಲ್‌ಕೀಪರ್‌ಗಳು ಪುಟ್ಟ ಪ್ಯಾಡ್ ಕಟ್ಟಿಕೊಂಡು ನಿಂತಿರುತ್ತಿದ್ದರು, ಆಗ ಯಾರು ಬೇಕಾದರೂ ಗೋಲು ಹೊಡೆಯಬಹುದಿತ್ತು ಎಂಬುದು ಮತ್ತೊಂದು ಮಂಡನೆ. ಅದೇ ಗೋಲ್‌ಕೀಪರ್‌ಗಳ ಎದುರು ಲೀಗಿನ ಉಳಿದವರೆಲ್ಲ ಆಡುತ್ತಿದ್ದರೂ ಒಂದೇ ಋತುವಿನಲ್ಲಿ 200 ಪಾಯಿಂಟ್ ದಾಟಿದವರು ಗ್ರೆಟ್ಜ್ಕಿ ಒಬ್ಬರೇ, ಅದೂ ನಾಲ್ಕು ಸಲ. 2025ರ ಏಪ್ರಿಲ್ 6ರಂದು ರಷ್ಯಾದ ಅಲೆಕ್ಸಾಂಡರ್ ಒವೆಚ್ಕಿನ್ 895ನೆಯ ಗೋಲು ಹೊಡೆದು ಗ್ರೆಟ್ಜ್ಕಿಯವರನ್ನು ಹಿಂದಿಕ್ಕಿದಾಗ, ಗೋಲೇ ಸರ್ವಸ್ವವೆನ್ನುತ್ತಿದ್ದವರಿಗೆ ನೆರವಿನ ಮಹಿಮೆ ದಿಢೀರನೆ ಹೊಳೆಯಿತು.

ಆದರೆ ಗ್ರೆಟ್ಜ್ಕಿಯವರನ್ನು ನಿಜಕ್ಕೂ ಅಲುಗಾಡಿಸಿದ್ದು ಗೋಲಲ್ಲ, ರಾಜಕೀಯ. ಕೆನಡಾವನ್ನು ಅಮೆರಿಕದ 51ನೆಯ ರಾಜ್ಯ ಮಾಡುವ ಮಾತಾಡುತ್ತಿದ್ದ ಟ್ರಂಪ್ ಅವರ ಸ್ನೇಹ ಮುಳುವಾಯಿತು. 2025ರ ಫೆಬ್ರುವರಿಯಲ್ಲಿ ಬಾಸ್ಟನ್ನಿನಲ್ಲಿ ನಡೆದ ನಾಲ್ಕು ರಾಷ್ಟ್ರಗಳ ಟೂರ್ನಿಯ ಕೆನಡಾ-ಅಮೆರಿಕ ಫೈನಲ್‌ಗೆ ಕೆನಡಾದ ಗೌರವ ನಾಯಕರಾಗಿ ಬಂದ ಅವರು, ಅಮೆರಿಕದ ಆಟಗಾರರತ್ತ ಶಹಬ್ಬಾಸ್ ಎಂಬಂತೆ ಹೆಬ್ಬೆರಳೆತ್ತಿ ತೋರಿಸಿದರು. ಎಡ್ಮಂಟನ್‌ನಲ್ಲಿ ಅವರ ಹೆಸರಿನ ರಸ್ತೆಗೆ ಬೇರೆ ಹೆಸರಿಡಿ ಎಂಬ ಮನವಿಗೆ ಸಾವಿರಾರು ಸಹಿ ಬಿದ್ದವು. ಅವರ ಪ್ರತಿಮೆಗೆ ಯಾರೋ ಹೊಲಸು ಬಳಿದರು. 2,857ರಲ್ಲಿ ಒಂದು ಪಾಯಿಂಟೂ ಕಡಿಮೆಯಾಗಿರಲಿಲ್ಲ.

ಮುನಿಸಿಕೊಂಡು ಓರ್ ಪಕ್ಷಕ್ಕೆ ಹೊರಟವರಿಗೆ ಅಲ್ಲಿಯೂ ನೆಮ್ಮದಿಯಿಲ್ಲ: 2020ರಲ್ಲಿ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು ಟ್ರಂಪ್ ಅವರನ್ನು ಬೆಂಬಲಿಸಿದ್ದವರು ಇದೇ ಓರ್, ಗ್ರೆಟ್ಜ್ಕಿಯವರ ಪರವಾಗಿ ಲೇಖನ ಬರೆದವರೂ ಅವರೇ. ಇನ್ನುಳಿದ ಸುರಕ್ಷಿತ ಆಯ್ಕೆಯೆಂದರೆ ಗಾರ್ಡಿ ಹೋ. 2016ರಲ್ಲಿ ತೀರಿಕೊಂಡಿರುವುದರಿಂದ ಅವರು ಹೊಸ ಹೇಳಿಕೆ ಕೊಡುವ ಭಯವಿಲ್ಲ. ಅವರ ಹೆಸರಿನ ಸೇತುವೆಯ ಇನ್ನೊಂದು ತುದಿ ಅಮೆರಿಕದ ಡೆಟ್ರಾಯಿಟ್‌ನಲ್ಲಿದೆ ಎಂಬುದನ್ನು ಮಾತ್ರ ಸದ್ಯಕ್ಕೆ ಯಾರೂ ಎತ್ತದಿರುವುದು ಕ್ಷೇಮ.