ಮೂರು ಸೆಕೆಂಡ್ ಕಾಯಿರಿ ಮಾಷೇ

ಶಿಕ್ಷಕರ ತರಬೇತಿಯಲ್ಲಿ ಹೇಳುತ್ತಾರೆ, ಪ್ರಶ್ನೆ ಕೇಳಿದ ಮೇಲೆ ಮಾಷ್ ಕಡಿಮೆಯೆಂದರೂ ಮೂರು ಸೆಕೆಂಡ್ ಸುಮ್ನೆ ನಿಲ್ಲಬೇಕಂತೆ. ಮೇರಿ ಬಡ್ ರೋ ಎಂಬ ಅಮೆರಿಕದ ಸಂಶೋಧಕಿ 1970ರ ದಶಕದಲ್ಲೇ ಇದನ್ನು ತೋರಿಸಿಕೊಟ್ಟರು. ಹಾಗೆ ಕಾದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, ಉತ್ತರವೇ ಬಾರದಿರುವುದು ಕಡಿಮೆಯಾಗುತ್ತದೆ.

ಇದನ್ನು ನಮ್ಮ ಕಾಸರಗೋಡಿಗೆ ಯಾರೂ ಕಲಿಸಬೇಕಿಲ್ಲ. ಕನ್ನಡ ಮಾಧ್ಯಮದ ಕ್ಲಾಸಿಗೆ ಕನ್ನಡ ಬಾರದ ಮಾಷನ್ನು ಹಾಕಿದರೆ ಆಯಿತು. ಅವರು ಮಲಯಾಳದಲ್ಲಿ ಪ್ರಶ್ನೆ ಕೇಳುತ್ತಾರೆ. ಮನೆಯಲ್ಲಿ ಹವ್ಯಕ ಕನ್ನಡವೋ ತುಳುವೋ ಮಾತಾಡುವ ಹುಡುಗ ಪಕ್ಕದವನಿಗೆ ಮೊಣಕೈಯಲ್ಲಿ ತಿವಿದು "ಎಂತ ಕೇಳಿದ್ದು ಮಾರಾಯ?" ಅನ್ನುತ್ತಾನೆ. ಪಕ್ಕದವನು ಹಿಂದಿನ ಬೆಂಚಿನ ಕಡೆ ತಿರುಗುತ್ತಾನೆ. ಅಲ್ಲೊಬ್ಬಳಿಗೆ ಮಲಯಾಳ ಬರುತ್ತದೆ. ಅವಳು ಕನ್ನಡ ಮಾಡಿ ಹೇಳಿ, ಇವನು ಉತ್ತರ ಹುಡುಕಿ, ಅದನ್ನು ಅವಳು ಮತ್ತೆ ಮಲಯಾಳ ಮಾಡುವಷ್ಟರಲ್ಲಿ ಮೂರು ಸೆಕೆಂಡ್ ಏನು, ಬೆಲ್ಲೇ ಹೊಡೆದಿರುತ್ತದೆ.

ತರಬೇತಿಯವರು ಬಂದು ನೋಡಿದರೆ ಖುಷಿಯೋ ಖುಷಿ. ಆ ಹುಡುಗಿ ಸಂಬಳವಿಲ್ಲದೆ ಮಾಡುವ ಕೆಲಸಕ್ಕೆ ಅವರ ಹತ್ತಿರ ಹೆಸರು ಸಿದ್ಧವಿದೆ: ಸಹಪಾಠಿ ಕಲಿಕೆ. ಪಾಠ ಅರ್ಥವಾಗದೆ ಮಕ್ಕಳು ಪುಸ್ತಕ ಬಿಡಿಸಿ ಕೂತರೆ ಸ್ವಯಂ ಕಲಿಕೆ. ಟ್ಯೂಷನ್ನಿಗೆ ಓಡಿದರೆ? ಪೋಷಕರ ಸಹಭಾಗಿತ್ವ!

ಇನ್ನು ಚಾರ್ಟ್ ಪೇಪರು. ನೋಡಿ ಕಲಿಯುವ ಮಕ್ಕಳು, ಕೇಳಿ ಕಲಿಯುವ ಮಕ್ಕಳು, ಮಾಡಿ ಕಲಿಯುವ ಮಕ್ಕಳು ಅಂತ ಮೂರು ಬಣ್ಣದ ಸ್ಕೆಚ್ ಪೆನ್ನಿನಲ್ಲಿ ಬರೆದು ಗೋಡೆಗೆ ಅಂಟಿಸುತ್ತಾರಲ್ಲ, ಹಾಗೆ ವಿಂಗಡಿಸಿ ಕಲಿಸಿದರೆ ಲಾಭ ಅನ್ನುವುದಕ್ಕೆ ತಕ್ಕ ಪುರಾವೆಯೇ ಇಲ್ಲ ಎಂದು ಮನಶ್ಶಾಸ್ತ್ರಜ್ಞ ಹೆರಾಲ್ಡ್ ಪ್ಯಾಶ್ಲರ್ ಮತ್ತು ಜೊತೆಗಾರರು 2008ರಲ್ಲೇ ಬರೆದಾಗಿದೆ. ಆದರೂ ಚಾರ್ಟ್ ಇಳಿಯಲಿಲ್ಲ. ಅದಕ್ಕೆ ಹಚ್ಚುವ ಅಂಟು ಸಂಶೋಧನೆಗಿಂತ ಗಟ್ಟಿ ಇರಬೇಕು.

ಮಕ್ಕಳಿಗೆ ಕಲಿಸಲು ತಾಯ್ನುಡಿಯೇ ಒಳ್ಳೆಯದು ಎಂದು ಯುನೆಸ್ಕೋ ವರದಿ ಬಂದದ್ದು 1953ರಲ್ಲಿ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಅದಕ್ಕೆ ಬೇಕಾದ ಸೌಕರ್ಯ ಕೊಡಿ ಎಂದು ಸಂವಿಧಾನಕ್ಕೆ 350ಎ ವಿಧಿ ಸೇರಿದ್ದು 1956ರಲ್ಲಿ, ನಾವು ಕೇರಳಕ್ಕೆ ಸೇರಿದ ವರ್ಷವೇ. ಇಷ್ಟು ಹಳೆಯದನ್ನೆಲ್ಲ ಸ್ಲೈಡಿನಲ್ಲಿ ಹಾಕಲಿಕ್ಕಾಗುತ್ತದಾ? ತರಬೇತಿ ಅಂದರೆ ಹೊಸತು ಇರಬೇಕು, ಅಲ್ವಾ?

ಕೊನೆಗೆ ಅಭಿಪ್ರಾಯ ಬರೆಯುವ ಫಾರ್ಮ್ ಬರುತ್ತದೆ. ಅತ್ಯುತ್ತಮ, ಉತ್ತಮ, ತೃಪ್ತಿಕರ. ಯಾವುದಕ್ಕಾದರೂ ಟಿಕ್ ಹಾಕಬಹುದು, ಪೂರ್ಣ ಸ್ವಾತಂತ್ರ್ಯ. ಫಾರ್ಮ್ ಮಾತ್ರ ಮಲಯಾಳದಲ್ಲಿ.